ನೀಲವ್ವನ ಮೂಗು

ನಾನು ಅಮೂರ್ತ ಚಿತ್ರ ಮಾಡಿದ್ದು ಯಾವ ಸಿದ್ಧಾಂತದ ಬಲದಿಂದಲೂ ಅಲ್ಲ. ಹೆಂಡತಿಯ ಮೂಗು ನೆನಪಿಗೆ ಬಾರದ್ದರಿಂದ. ಕಲೆಯನ್ನು ಅರೆದು ಕುಡಿದವರ ಮುಂದೆ ಇದನ್ನು ಹೇಳಲು ನಾಚಿಕೆ. ನೀವು ನಮ್ಮವರು, ಹೇಳಬಹುದು.

ಅರವತ್ತರ ದಶಕದ ಆರಂಭ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ನನಗೆ ಬೋರ್ಡು ಬರೆಯುವ ಕೆಲಸ. ‘ಬೀಡಿ ಸೇದಬಾರದು’, ‘ಕೈ ಹಾಕಬಾರದು’, ‘ಇಲ್ಲಿ ನಿಲ್ಲಬಾರದು’. ಕಂಡವರಿಗೆಲ್ಲ ಬೇಡ ಬೇಡ ಎನ್ನುವುದೇ ನನ್ನ ಕಲಾಸೇವೆ. ಮದುವೆಯಾಗಿ ಮೂರು ತಿಂಗಳಾಗಿತ್ತು. ಕ್ವಾರ್ಟರ್ಸು ಸಿಗುವ ತನಕ ನೀಲವ್ವ ನಮ್ಮೂರು ಸಾಂಬ್ರಾಣಿಯಲ್ಲಿ ನಮ್ಮವ್ವನ ಜೊತೆ. ನಾನು ಇಲ್ಲಿ ಒಂದು ಕೋಣೆಯಲ್ಲಿ ಬೆಳಗಾವಿ ಕಡೆಯ ಬಸಪ್ಪನ ಜೊತೆ. ಬಸಪ್ಪ ಬಹಳ ಒಳ್ಳೆಯವನು, ಆದರೆ ನೀಲವ್ವ ಅಲ್ಲ.

ಎರಡು ಮೂರು ವಾರಕ್ಕೊಮ್ಮೆ ಹಳಿಯಾಳದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹಿಡಿದು ಊರಿಗೆ ಹೋಗುತ್ತಿದ್ದೆ. ಮರಳುವಾಗ ಅವಳು ತನ್ನ ಹಳೆಯ ಸೀರೆಯ ತುಂಡಿನಲ್ಲೋ ಹರಿದ ಕುಬಸದಲ್ಲೋ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿ ಕೊಡುತ್ತಿದ್ದಳು. ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ದಾಂಡೇಲಿ ಬರುವವರೆಗೂ ಬೆಚ್ಚಗಿರುತ್ತಿತ್ತು.

ಒಂದು ಭಾನುವಾರ ರಜೆ ಸಿಗಲಿಲ್ಲ. ಸಂಜೆ ರಟ್ಟಿನ ಮೇಲೆ ಅವಳ ಚಿತ್ರ ಬರೆಯಲು ಕೂತೆ. ಹಣೆ ಬಂತು, ಕುಂಕುಮ ಬಂತು. ಮೂಗಿನ ಹತ್ತಿರ ಕೈ ನಿಂತಿತು. ಮೂಗುತಿ ನೆನಪಿದೆ, ಅದು ಕೂತಿದ್ದ ಮೂಗು ನೆನಪಿಲ್ಲ. ಹಳಿಯಾಳದ ಬಸ್ಸಿನ ಕಂಡಕ್ಟರನ ಮೂಗು ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು. ನಿಜವಾಗಿ ಹೆದರಿಕೆಯಾಯಿತು. ಹಗಲೆಲ್ಲ ನೆನೆಯುವವಳ ಮುಖವೇ ಮರೆತರೆ ನಾನೆಂಥ ಗಂಡ? ಅವಳಿಗೆ ಗೊತ್ತಾದರೆ ಏನೆಂದುಕೊಂಡಾಳು?

ಮುಖ ಅಳಿಸಿದೆ. ನೆನಪಿದ್ದದ್ದನ್ನಷ್ಟೇ ಹಚ್ಚತೊಡಗಿದೆ. ಬುತ್ತಿಯ ಅರಿವೆಯನ್ನು ಕತ್ತರಿಸಿ ಅಂಟಿಸಿದೆ. ಅವಳು ನಾದುವ ಹಿಟ್ಟಿನ ನೆನಪಿಗೆ ಕಾಗದದ ಒದ್ದೆ ತಿರುಳು ಮೆತ್ತಿದೆ. ಊರ ದಾರಿಯ ಕೆಂಪು ಮಣ್ಣನ್ನು ಅಂಟಿನಲ್ಲಿ ಕಲಸಿ ಬಳಿದೆ. ಬುತ್ತಿಯ ಗಂಟಿನಲ್ಲಿ ಸಿಕ್ಕಿಬಂದಿದ್ದ ಹಸಿರು ಬಳೆಯ ಚೂರೊಂದನ್ನು ಮೇಲೆ ಕೂರಿಸಿದೆ. ಪ್ರತಿ ಸಲ ಊರಿಂದ ಬಂದಾಗಲೂ ಒಂದು ತುಂಡು ಹೆಚ್ಚುತ್ತಿತ್ತು.

ಬಸಪ್ಪ ಬಗ್ಗಿ ನೋಡಿದ. “ಇದ್ಯಾವ ತಾಲೂಕಿನ ನಕಾಶೆನೋ?”

“ಹಳಿಯಾಳದ್ದು” ಎಂದೆ. ಪಾಪ, ಬಹಳ ಹೊತ್ತು ಅದರಲ್ಲಿ ದಾಂಡೇಲಿಯನ್ನು ಹುಡುಕಿದ.

ಅವನನ್ನು ನೋಡಿ ನಗುವಂತಿಲ್ಲ. ಆದರೆ ಯೋಚಿಸಿ ನೋಡಿ: ನಮ್ಮವ್ವ ದಿನವೂ ಲಿಂಗದ ಮುಂದೆ ಕೂತು ಮನೆಯ ಕಷ್ಟಸುಖವನ್ನೆಲ್ಲ ಹೇಳಿಕೊಳ್ಳುತ್ತಾಳೆ. ಕಲ್ಲು, ವಿಭೂತಿ, ಒಂದು ಬಿಲ್ವಪತ್ರೆ, ಮೇಲಿಷ್ಟು ನೀರು. ಮೂಗೆಲ್ಲಿ ಎಂದು ಅವಳು ಒಮ್ಮೆಯೂ ಕೇಳಿದವಳಲ್ಲ. ಈ ವಾದ ನನಗೆ ಬಹಳ ಹಿಡಿಸಿತು. ಆದರೂ ಪ್ರತಿ ಸಲ ಊರಿನ ಬಸ್ಸಿಳಿದು ನೀಲವ್ವನನ್ನು ಕಂಡಾಗ ಕಳ್ಳನಂತೆ ಮೊದಲು ಮೂಗನ್ನೇ ನೋಡುತ್ತಿದ್ದೆ. ದಾಂಡೇಲಿ ತಲುಪುವಷ್ಟರಲ್ಲಿ ಮತ್ತೆ ಅಳಿಸಿಹೋಗಿರುತ್ತಿತ್ತು.

“ಬುತ್ತಿ ಅರಿವಿ ಎಲ್ಲಿ ಹೊಕ್ಕಾವ್ರಿ?” ಎಂದು ಒಮ್ಮೆ ನೀಲವ್ವ ಕೇಳಿದಳು. “ದಾಂಡೇಲ್ಯಾಗ ಯಾರಿಗರೆ ಕೊಟ್ಟ ಬರ್ತೀರೇನು?” ಕಳೆದವು ಎಂದು ಸುಳ್ಳು ಹೇಳಿದೆ.

ವರ್ಷವಾದ ಮೇಲೆ ಕ್ವಾರ್ಟರ್ಸು ಸಿಕ್ಕಿತು. ನೀಲವ್ವ ಟ್ರಂಕು ಹೊತ್ತು ಬಂದಳು. ಒಳಗೆ ಕಾಲಿಟ್ಟವಳು ಗೋಡೆಗೆ ಆನಿಸಿದ್ದ ಚಿತ್ರದ ಮುಂದೆ ನಿಂತುಬಿಟ್ಟಳು.

“ಇದು ನನ್ನ ಕುಬಸ.” ಬೆರಳಿಟ್ಟು ತೋರಿಸಿದಳು. “ಇದು ನನ್ನ ಹಸಿರ ಸೀರಿ. ಏನ್ರಿ ಇದು?”

“ನೀನು” ಎಂದೆ.

“ಮತ್ತ ನನ್ನ ಮಾರಿ ಎಲ್ಲೈತಿ?”

ಲಿಂಗದ ವಾದ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಾಗಲಿಲ್ಲ. “ನೆನಪಾಗಲಿಲ್ಲ ನೀಲವ್ವ. ಎಷ್ಟು ನೆನಸಿದ್ರೂ ಬರಲಿಲ್ಲ” ಎಂದೆ.

ಅವಳು ಕೂತು ಟ್ರಂಕಿನ ಬೀಗ ತೆಗೆದು, ಎಲ್ಲಕ್ಕಿಂತ ಕೆಳಗಿನಿಂದ ನನ್ನದೊಂದು ಹಳೆಯ ಅಂಗಿಯನ್ನು ಎಳೆದಳು. ಮದುವೆಯ ಹೊಸತರಲ್ಲಿ ಊರಲ್ಲಿ ಬಿಟ್ಟು ಬಂದದ್ದು. ತೋಳಿನ ಮೇಲೆ ಬಣ್ಣದ ಕಲೆ, ಕಾಲರಿನ ಸುತ್ತ ಬೆವರಿನ ಕಪ್ಪು ಹಾಗೇ ಇತ್ತು.

“ನನಗೂ ನಿಮ್ಮ ಮಾರಿ ನೆನಪಾಗ್ತಿರಲಿಲ್ರಿ” ಎಂದಳು, ತಲೆ ಎತ್ತದೆ. “ಅದಕ್ಕ ಇದನ್ನ ಒಗೀಲಿಲ್ಲ. ಅತ್ತಿ ಎಷ್ಟ ಬೈದ್ರೂ ಒಗೀಲಿಲ್ಲ.”

ಒಂದು ವರ್ಷ ನಾನು ಹೆದರಿದ್ದಂತೆ ಅವಳೂ ಅಷ್ಟು ದೂರದಲ್ಲಿ ಒಬ್ಬಳೇ ಹೆದರಿದ್ದಳು. ಆ ಅಂಗಿಯನ್ನೂ ಚಿತ್ರಕ್ಕೆ ಸೇರಿಸೋಣವೆಂದು ನನ್ನೊಳಗಿನ ಕಲಾವಿದ ಕೈ ಚಾಚಿದ. ನೀಲವ್ವ ಕೊಡಲಿಲ್ಲ. ಹಿತ್ತಲ ನಲ್ಲಿಗೆ ಒಯ್ದು, ಸೋಪು ಹಚ್ಚಿ, ಕಲ್ಲಿಗೆ ಬಡಿದು ಬಡಿದು ಬೆಳ್ಳಗಾಗುವವರೆಗೆ ಒಗೆದಳು.