ಬಾಯಿಗೆ ಬಾರದ ಹೆಸರು

ಚಂದ್ರಾಮನ ಸಿಟ್ಟಿಗೆ ನಲವತ್ತೈದು ವರ್ಷ. ಕುರಕುಂಟಾದಿಂದ ಮೂರು ಮೈಲಿ ಆಚೆಯ ಊರು ಅವನದು. ಅರವತ್ತು ತುಂಬಿ ಮೀಸೆ ಬೆಳ್ಳಗಾದರೂ ಊರಿನ ಬಾಯಲ್ಲಿ ಅವನು ಸಣ್ಯಾ. ಸಣ್ಣವ ಅಂತ ಅದರರ್ಥ. ನಿನ್ನೆ ಮೊನ್ನೆ ಹುಟ್ಟಿದ ಹುಡುಗರೂ ಹಾಗೇ ಕೂಗುತ್ತಾರೆ.

ಹುಣ್ಣಿಮೆಯ ದಿನ ಹುಟ್ಟಿದನೆಂದು ಅವ್ವ ಇಟ್ಟ ಹೆಸರು ಚಂದ್ರಾಮ. ಆ ಸೀಮೆಯ ಹಾಡುಗಳಲ್ಲಿ ಚಂದ್ರನನ್ನು ಕರೆಯುವುದೇ ಹಾಗೆ. ಶಾಲೆಯ ಮಾಸ್ತರ ‘ಇಷ್ಟು ದೊಡ್ಡ ಹೆಸರು ಯಾಕೆ’ ಅಂದಾಗ ಅವ್ವ ಬಾಗಿಲಲ್ಲೇ ಕೂತು, ಬರೆಸಿಯೇ ಎದ್ದಿದ್ದಳು. ಮೂರನೇ ಇಯತ್ತೆಗೆ ಶಾಲೆ ಮುಗಿಯಿತು. ಆಮೇಲೆ ಗೌಡರ ಮನೆಯ ದನ.

ಊರ ಗೌಡನ ಹೆಸರೂ ಚಂದ್ರಾಮನೇ. ಅಜ್ಜನಿಂದ ಮೊಮ್ಮಗನಿಗೆ ಇಳಿದು ಬಂದ ಹೆಸರು. ಗೌಡ ಆಳುಗಳನ್ನೆಲ್ಲ ‘ಲೇ’ ಅಂತಲೇ ಕರೆಯುತ್ತಿದ್ದ, ಅದರಿಂದ ಯಾರಿಗೂ ತೊಡಕಾಗಿರಲಿಲ್ಲ. ತೊಡಕಾದದ್ದು ಮನೆಗೆ ಸೊಸೆ ಬಂದಾಗ. ಸೊಸೆಯಾದವಳು ಮಾವನ ಹೆಸರು ಹೇಳಬಾರದು. ಆಳನ್ನಾದರೋ ದಿನಕ್ಕೆ ಇಪ್ಪತ್ತು ಸಲ ಕೂಗಬೇಕು. ಸರಿ, ಆಳಿನ ಹೆಸರೇ ಹೋಗಲಿ! ಒಂದು ಮುಂಜಾನೆ ಸೆಗಣಿ ಬಳಿಯುತ್ತಿದ್ದವನನ್ನು ಅವಳು ‘ಸಣ್ಯಾ’ ಅಂದಳು. ಸಂಜೆಯೊಳಗೆ ಊರೂ ಅಂದಿತು. ಅವನನ್ನು ಒಂದು ಮಾತು ಕೇಳಿದವರಿಲ್ಲ. ಬಕೀಟು ಬದಲಿಸುವಾಗಲಾದರೂ ಜನ ಇಷ್ಟು ಯೋಚಿಸುತ್ತಾರೆ.

ಅವ್ವ ಸಾಯುವವರೆಗೂ ಚಂದ್ರಾಮ ಅಂತಲೇ ಕರೆದಳು. ಅವಳು ಹೋದ ಮೇಲೆ ಆ ಹೆಸರು ಕಾಗದಗಳಲ್ಲಷ್ಟೇ ಉಳಿಯಿತು. ಹೆಂಡತಿ ಮಾಣಿಕಮ್ಮ ಗಂಡನ ಹೆಸರು ಹೇಳುವವಳಲ್ಲ. ಲಗ್ನದ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತಾಗ ಹೆಸರನ್ನು ಹಾಡಿನ ಸಾಲಿಗೆ ಹೊಂದಿಸಿ, ಒಡಪು ಕಟ್ಟಿ ಒಮ್ಮೆ ಹೇಳಿದ್ದೇ ಕೊನೆ. ಇವನು ರೋಸಿ ಶಹಾಬಾದಿನ ಫರ್ಸಿ ಖಣಿಗೆ ಕಲ್ಲು ಒಡೆಯಲು ಹೋದ. ಅಲ್ಲಿಯೂ ಊರವರಿದ್ದರು. ಇವನಿಗಿಂತ ಮೊದಲೇ ಸಣ್ಯಾ ರೈಲಿನಿಂದ ಇಳಿದಾಗಿತ್ತು.

ಮಗಳು ಹುಟ್ಟಿದಾಗ ಯಾವ ಗೌಡನ ಮನೆಯಲ್ಲೂ ಇರದ ಹೆಸರು ಬೇಕೆಂದು ಹುಡುಕಾಡಿದ. ಬುದ್ಧ ಹುಟ್ಟಿದ ಜಾಗ ಲುಂಬಿನಿ ಅಂತ ಯಾರೋ ಹೇಳಿದರು. ಅದನ್ನೇ ಇಟ್ಟ. ಯಾರಾದರೂ ಮುದ್ದಿಗೆ ‘ಲುಂಬಿ’ ಅಂದರೂ ಅವನಿಗೆ ಕಣ್ಣು ಕೆಂಪಾಗುತ್ತಿತ್ತು.

ಈಗ ಲುಂಬಿನಿಗೆ ಸರ್ಕಾರಿ ನರ್ಸ್ ಕೆಲಸ ಬಂದಿದೆ. ಜಾತಿಯ ಸಿಂಧುತ್ವ ಪತ್ರ ಕೊಟ್ಟರೆ ಆದೇಶ, ಕೊಡದಿದ್ದರೆ ಕೆಲಸ ಬೇರೆಯವರಿಗೆ. ವಿಚಾರಣೆಗೆಂದು ಕಂದಾಯ ಇಲಾಖೆಯ ತಲಾಟಿ ಶೌಕತ ಅಲಿ ಊರಿಗೆ ಬಂದು, ಲುಂಬಿನಿಯ ಕಾಗದದಲ್ಲಿ ಅಪ್ಪನೆಂದು ಬರೆದಿರುವ ಚಂದ್ರಾಮ ಯಾರು ಅಂತ ಕೇಳುತ್ತ ಹೋದ. ಆ ಹೆಸರಿನ ಗೌಡರಿದ್ದರು, ಸತ್ತು ಇಪ್ಪತ್ತೆಂಟು ವರ್ಷವಾಯಿತು ಅಂದರು ಜನ. ಮಾಣಿಕಮ್ಮನನ್ನು ಕೇಳಿದರೆ ಸೆರಗು ಎಳೆದುಕೊಂಡು ‘ಲುಂಬಿನಿ ಅಪ್ಪ’ ಅಂದಳು. ತಲಾಟಿ ಒಳ್ಳೆಯವನು. ತಮ್ಮ ಮನೆಯಲ್ಲೂ ಅಮ್ಮ ಅಬ್ಬಾನ ಹೆಸರು ಹೇಳುವುದಿಲ್ಲವೆಂದು ನಕ್ಕ. ಆದರೆ ಅವನ ಹೆಸರು ಅವನೇ ಹೇಳಿದರೆ ನಡೆಯದು, ಪಂಚರ ಮುಂದೆ ಬಲ್ಲವರೊಬ್ಬರು ಬಾಯಿಬಿಟ್ಟು ಹೇಳಲೇಬೇಕು, ಹಾಗೆಯೇ ಬರೆಯಬೇಕು ಅಂದ. ಆ ದಿನ ಚಂದ್ರಾಮ ಮನೆಯಲ್ಲಿ ಉಣ್ಣಲಿಲ್ಲ, ಹೆಂಡತಿಯ ಮುಖ ನೋಡಲಿಲ್ಲ.

ಮರುದಿನ ಗೌಡರ ಅಂಗಳದ ಕಟ್ಟೆಯ ಮೇಲೆ ಪಂಚನಾಮೆ. ಐವರು ಪಂಚರಲ್ಲಿ ಇಬ್ಬರು ಚಂದ್ರಾಮನ ಜೊತೆಗೇ ಗೋಲಿ ಆಡಿದವರು. ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೌಡಸಾನಿ ಹೇಳದ್ದನ್ನು ತಾವು ಹೇಳುವ ಎದೆ ಇರಲಿಲ್ಲ, ಅಷ್ಟೇ. ಅಂದಿನ ಆ ಸೊಸೆಯೇ ಇಂದಿನ ಗೌಡಸಾನಿ. ಕೋಲೂರಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಕೆಳಗೆ ನಿಂತಿದ್ದ ಚಂದ್ರಾಮನನ್ನು ತೋರಿಸಿ, ಇವನ್ಯಾರು ಅಂತ ತಲಾಟಿ ಅವಳನ್ನು ಕೇಳಿದ.

“ಇವ ಸಣ್ಯಾ. ನಮ್ಮ ಮನ್ಯಾಗ ದನ ಕಾಯ್ತಿದ್ದ.”

ತಲಾಟಿಯ ಪೆನ್ನು ಕಾಗದಕ್ಕೆ ತಾಗಿತು. ಅದೇ ಬರೆದರೆ ಮಗಳ ಕೆಲಸ ಮುಗಿಯಿತು. ಚಂದ್ರಾಮ ಕಟ್ಟೆಯ ಹತ್ತಿರ ಬಂದ.

“ನನ್ನ ಹೆಸರು ಹೇಳ್ರಿ, ಅಮ್ಮಾ.”

ಗೌಡಸಾನಿಗೆ ನಿಜವಾಗಿಯೂ ಸಂಕಟವಾಯಿತು. “ಹಿರೇರ ಹೆಸರು ಈ ಬಾಯಿಲೆ ಹ್ಯಾಂಗ ಹೇಳ್ಲೋ?”

“ಸತ್ತ ಮನಷ್ಯಾಗ ಇಷ್ಟು ಮರ್ಯಾದಿ ಕೊಡಾಕತ್ತೀರಿ. ಅದು ನನ್ನ ಹೆಸರೂ ಅದ. ನನ್ನ ಮಗಳ ಅಪ್ಪನ ಹೆಸರು ಅದ.”

ಅವಳು ಆಗದೆಂದು ತಲೆ ಅಲ್ಲಾಡಿಸಿದಳು. ಎಲ್ಲರ ಹಿಂದೆ ನಿಂತಿದ್ದ ಮಾಣಿಕಮ್ಮ ಆಗ ಮುಂದೆ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಬರಕೋರಿ ಸಾಹೇಬ್ರ. ಇವ ನನ್ನ ಗಂಡ. ಹೆಸರು ಚಂದ್ರಾಮ.”

ಒಡಪಿಲ್ಲ, ನಾಚಿಕೆಯಿಲ್ಲ. ಗೌಡಸಾನಿಯ ಕಡೆ ತಿರುಗಿ ಮತ್ತೊಮ್ಮೆ ಅಂದಳು. “ಚಂದ್ರಾಮ. ನನ್ನ ಗಂಡ ಜೀವಂತ ಅದಾನ, ಆದ್ರೂ ಹೇಳೀನ್ರಿ. ನಿಮ್ಮ ಮಾವ ಸತ್ತು ಮಣ್ಣಾಗ್ಯಾರ. ನೀವ್ಯಾಕ ಅಂಜತೀರಿ?”

ಗೋಲಿ ಆಡಿದ ಇಬ್ಬರೂ ಆಗ ‘ಹೌದ್ರಿ, ಹೌದ್ರಿ’ ಅಂದರು. ಈಗ ಬಂತು ಇವರಿಗೆ ನೆನಪು! ತಲಾಟಿ ಬರೆದುಕೊಂಡು ಓದಿ ಹೇಳಿದ. ತನ್ನ ಹೆಸರನ್ನು ಗೌಡರ ಅಂಗಳದಲ್ಲಿ ಚಂದ್ರಾಮ ನಲವತ್ತೈದು ವರ್ಷದ ಮೇಲೆ ಕೇಳಿದ. ಆದರೆ ಸಿಟ್ಟು ಇಳಿಯಲಿಲ್ಲ. ಮಾಣಿಕಮ್ಮನ ಕೈ ಹಿಡಿದುಕೊಂಡು ಅಂಗಳದ ಬಾಗಿಲ ಕಡೆ ನಡೆದ.

“ಸಣ್ಯಾ, ಬಾಗಲ ಎಳಕೊಂಡು ಹೋಗು,” ಅಂದಳು ಗೌಡಸಾನಿ, ರೂಢಿಯಂತೆ.

ಮಾಣಿಕಮ್ಮ ಒಂದು ಕ್ಷಣ ತಡೆದಳು. ಚಂದ್ರಾಮ ತಡೆಯಲಿಲ್ಲ. ಗೌಡಸಾನಿ ಮತ್ತೆರಡು ಸಲ ಕೂಗಿದಳು. ಆಮೇಲೆ ತಾನೇ ಕೋಲೂರಿಕೊಂಡು ಎದ್ದು ಬಂದು ಬಾಗಿಲು ಹಾಕಿಕೊಂಡಳು.