ಬಾನೆಟ್ಟಿನ ಕೆಳಗಿನ ಅಕ್ಷತೆ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ, ಊರಿನ ಮನೆಗಳು ಮುಗಿಯುವ ಕಡೆ, ಶಾಂತರಾಜುವಿನ ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಶಾಂತರಾಜು ಈಗಿಲ್ಲ. ಕಳೆದ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಧನಗೆರೆಯ ಮನೆಯ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕುಳಿತವನು ಮತ್ತೆ ಏಳಲಿಲ್ಲ. ಐವತ್ತೆರಡು ವಯಸ್ಸು. ಅವನ ಬಗ್ಗೆ ಹೇಳುವುದು ಬಹಳವಿದ್ದರೂ ಇಲ್ಲಿ ಹೇಳುತ್ತಿರುವುದು ಒಂದು ಕಾರಿನ ಕಥೆ. ಅವನು ಎಂಥವನೆಂದು ತಿಳಿಯಲು ಅದೇ ಸಾಕು.

ಲಾರಿಗಳ ಡೈನಮೋಗೆ ತಂತಿ ಸುತ್ತುತ್ತಾ ಕೆಲಸ ಕಲಿತವನು ಅವನು. ಕಾರುಗಳೊಳಗೆ ಕಂಪ್ಯೂಟರ್ ಬಂದಾಗ ಅವನ ಓರಗೆಯ ಹಲವರು ಕಸುಬನ್ನೇ ಕೈಬಿಟ್ಟರು. ಇವನು ಭಾನುವಾರಗಳಂದು ಮೈಸೂರಿಗೆ ಹೋಗಿ ಕಲಿತು ಬಂದ, ಸ್ಕ್ಯಾನರ್ ಕೊಂಡ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ. ಆದರೆ ಕಂಪ್ಯೂಟರ್ ಕೆಟ್ಟಿದೆ ಎಂಬ ಮಾತು ಅವನ ಬಾಯಿಂದ ಸುಲಭಕ್ಕೆ ಹೊರಡುತ್ತಿರಲಿಲ್ಲ. "ಡಾಕ್ಟ್ರು ಬಂದೇಟ್ಗೇ ಎದೆ ಕುಯ್ತಾರಾ? ಮೊದ್ಲು ನಾಡಿ ಇಡೀಲಿ" ಎನ್ನುತ್ತಿದ್ದ. ಬ್ಯಾಟರಿ, ಫ್ಯೂಸು, ಅರ್ತಿಂಗ್ ತಂತಿ, ರಿಲೇ ಎಲ್ಲ ನೋಡಿ ಮುಗಿಸಿ, ಕೊನೆಗೆ ಕಂಪ್ಯೂಟರಿನ ಪೆಟ್ಟಿಗೆಗೆ ಕೈ ಹಾಕುತ್ತಿದ್ದ.

ಆಯುಧಪೂಜೆಯ ದಿನ ಸುತ್ತಲಿನ ಹಳ್ಳಿಗಳ ಗಾಡಿಗಳು ಅವನ ಅಂಗಡಿಯ ಮುಂದೆಯೇ ಪೂಜೆಗೆ ನಿಲ್ಲುತ್ತಿದ್ದವು. ಬೇರೆ ಕಡೆ ಕಾಯಿ ಒಡೆಯುವುದು ಚಕ್ರದ ಮುಂದೆ. ಇವನು ಬಾನೆಟ್ಟನ್ನೂ ತೆಗೆಸುತ್ತಿದ್ದ. ಎಂಜಿನ್ನಿಗೆ ಅರಿಶಿನ ಕುಂಕುಮ ಇಟ್ಟು, ಅಕ್ಷತೆ ಹಾಕಿ, ಒಡೆದ ಕಾಯಿಯ ನೀರನ್ನು ಮೇಲೆ ಚಿಮುಕಿಸುತ್ತಿದ್ದ. ಇದು ಅವನ ತಾಯಿ ದೊಡ್ಡಬಸಮ್ಮ ಹಾಕಿಕೊಟ್ಟ ಪದ್ಧತಿ. "ಓಡೋದು ಒಳಗಿರದು, ಪೂಜೆ ಮಾತ್ರ ಒರಗಿನ ತಗಡ್ಗಾ?" ಎಂದು ಆಕೆ ಕೇಳಿದ್ದಳಂತೆ. ಹಳೆಯ ಜೀಪು, ಲಾರಿಗಳಿಗೆ ಆ ನೀರಿನಿಂದ ಏನೂ ಆಗುತ್ತಿರಲಿಲ್ಲ. ಗಾಡಿಗಳು ಬದಲಾದವು. ಪೂಜೆ ಹಾಗೆಯೇ ಉಳಿಯಿತು.

ಕೌದಳ್ಳಿಯ ಚಿಕ್ಕಮಾದಪ್ಪನ ಡೀಸೆಲ್ ಕಾರು ಕೆಟ್ಟದ್ದು ಅಂಥ ಒಂದು ಪೂಜೆಯಾದ ನಾಲ್ಕು ತಿಂಗಳಿಗೆ. ಅವನ ಹೆಂಡತಿ ರಂಗಮ್ಮನಿಗೆ ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಕೊಳ್ಳೇಗಾಲದಲ್ಲಿ ಡಯಾಲಿಸಿಸ್. ಅದಕ್ಕೆಂದೇ ಕೊಂಡ ಹಳೆಯ ಕಾರು ಅದು. ಒಂದು ದಿನ ಓಡುತ್ತಾ ಓಡುತ್ತಾ ಎಂಜಿನ್ ಆಫ್ ಆಯಿತು. ಶಾಂತರಾಜು ನೋಡಿ, ಒಂದು ರಿಲೇ ಬದಲಿಸಿ ಕಳಿಸಿದ. ಮೂರು ವಾರ ಚೆನ್ನಾಗಿ ಓಡಿತು. ಆಮೇಲೊಂದು ಸೋಮವಾರ, ಡಯಾಲಿಸಿಸ್ ಮುಗಿಸಿಕೊಂಡು ಹೋಗುವಾಗ, ಹನೂರು ದಾಟಿದ ಮೇಲೆ ಮತ್ತೆ ನಿಂತಿತು. ರಂಗಮ್ಮ ಸುಸ್ತಾದ ಮೈಯಲ್ಲಿ ಒಂದೂವರೆ ಗಂಟೆ ಬಿಸಿಲಲ್ಲಿ ಕುಳಿತಳು. ಮರುದಿನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಅಂಗಡಿಗೆ ಎಳೆದು ತಂದರು. ಹಟ ಹಿಡಿದು ರಂಗಮ್ಮನೂ ಜೊತೆಗೆ ಬಂದಳು.

"ಲೇ ಶಾಂತ, ಗುರುವಾರಕ್ಕೆ ಬೇಕು ಕಣ್ಲಾ. ಇವಳ್ನ ಬಸ್ಸಲ್ಲಿ ನಿಲ್ಸ್ಕಂಡು ಓಗಕಾಯ್ತದಾ?" ಎಂದ ಚಿಕ್ಕಮಾದಪ್ಪ.

ಶಾಂತರಾಜು ಕೆಲಸಕ್ಕೆ ಕುಳಿತ. ಸ್ಕ್ಯಾನರ್ ಒಂದಕ್ಕೊಂದು ಸಂಬಂಧವಿಲ್ಲದ ಆರು ದೋಷಗಳನ್ನು ತೋರಿಸಿತು, ಮತ್ತೆ ಹಚ್ಚಿದಾಗ ಕಾರಿನ ಜೊತೆ ಮಾತೇ ಆಡಲಿಲ್ಲ. ಬ್ಯಾಟರಿ ಸರಿಯಿತ್ತು, ಅರ್ತಿಂಗ್ ಸರಿಯಿತ್ತು. ಕಂಪ್ಯೂಟರಿಗೆ ಹೋಗಬೇಕಾದ ಕರೆಂಟು ಹೋಗುತ್ತಿತ್ತು. ಅಲ್ಲಿಂದ ಸೆನ್ಸರುಗಳಿಗೆ ಐದು ವೋಲ್ಟು ಬರಬೇಕು, ಅದು ಬರುತ್ತಿರಲಿಲ್ಲ. ಯಾವುದಾದರೂ ಸೆನ್ಸರ್ ಕೆಟ್ಟು ಆ ಕರೆಂಟನ್ನು ತಾನೇ ಎಳೆದುಕೊಳ್ಳುತ್ತಿದೆಯೋ ಎಂದು ಒಂದೊಂದನ್ನೇ ಕಳಚಿ ನೋಡಿದ. ಎಲ್ಲ ಕಳಚಿದರೂ ಮೀಟರಿನ ಮುಳ್ಳು ಏಳಲಿಲ್ಲ. ಕಡೆಗೆ ಬ್ಯಾಟರಿಯ ಪಕ್ಕದಲ್ಲಿದ್ದ ಕಂಪ್ಯೂಟರಿನ ಕನೆಕ್ಟರ್ ಎಳೆದ. ಅದರ ರಬ್ಬರು ಹರಿದಿತ್ತು, ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು.

"ಚಿಕ್ಕಮಾದಪ್ನೋರೆ, ಎಂಜಿನ್ಗೆ ಪೈಪಲ್ಲಿ ನೀರ್ ಒಡ್ಸಿದೀರ."

"ಇಲ್ಲ ಕಣ್ಲಾ, ಮಾದಪ್ಪನಾಣೆ."

"ಮತ್ತೆ ಇದೇನು? ಕಾರ್ ತೊಳೀರಿ ಅಂದ್ರೆ ಎಮ್ಮೆ ತೊಳ್ದಂಗೆ ತೊಳ್ದವ್ರೆ, ನೋಡ್ರಪ್ಪ!"

ಪಕ್ಕದ ಟೀ ಅಂಗಡಿಯಲ್ಲಿದ್ದವರು ನಕ್ಕರು. ನೆರಳಿನಲ್ಲಿ ಕುಳಿತಿದ್ದ ರಂಗಮ್ಮ, "ನಂಗೊತ್ತು ಶಾಂತಪ್ಪ. ಕೆರೆ ತಾವ ನಿಲ್ಸ್ಕಂಡು ಬಕೆಟ್ಟಲ್ಲಿ ಉಯ್ತಾ ಇರ್ತಾನೆ. ಏಳುದ್ರೆ ಕೇಳಲ್ಲ" ಎಂದಳು. ಚಿಕ್ಕಮಾದಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿ, ಹೆಂಡತಿಯ ಕೈ ಹಿಡಿದುಕೊಂಡು ಬಸ್ಸಿಗೆ ಹೋದ.

ಮಧ್ಯಾಹ್ನ ಊಟವಾದ ಮೇಲೆ ಶಾಂತರಾಜು ಪೆಟ್ಟಿಗೆಯನ್ನು ಬಿಚ್ಚಿ ಹೊರತೆಗೆದ. ಕನೆಕ್ಟರಿನ ಒಳಗೆ ಕಂದು ಬಣ್ಣದ ಜಿಗುಟು. ಬೆರಳಿಗೆ ಅಂಟಿತು. ಕೆರೆಯ ನೀರು ಒಣಗಿದರೆ ಹೀಗೆ ಅಂಟುವುದಿಲ್ಲ. ಮೂಸಿ ನೋಡಿದ, ಹುಳಿ ವಾಸನೆ. ಪೆಟ್ಟಿಗೆ ಕೂರುವ ತಗಡಿನ ಮೇಲೆ ಚಿಟಿಕೆ ಕುಂಕುಮ, ಎರಡು ಹಳದಿ ಅಕ್ಕಿಕಾಳು.

ಆ ಕಾರಿಗೆ ಬಾನೆಟ್ ತೆಗೆಸಿ ಪೂಜೆ ಮಾಡಿದ್ದು ಒಂದೇ ಸಲ, ಒಂದೇ ಕಡೆ. ಕಾಯಿ ಒಡೆದದ್ದು ಅವನದೇ ಕೈ.

ಅಕ್ಕಿಕಾಳನ್ನು ಅವನು ಅಂಗೈಗೆ ತೆಗೆದುಕೊಂಡ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಪ್ಪು ಚಿಕ್ಕಮಾದಪ್ಪನದೆಂದು ಹೆಂಡತಿಯೇ ಒಪ್ಪಿಯಾಗಿತ್ತು. ಒರೆಸಿದರೆ ಜಿಗುಟೂ ಇಲ್ಲ, ಕುಂಕುಮವೂ ಇಲ್ಲ. ಒರೆಸಲು ಬಟ್ಟೆ ಕೈಯಲ್ಲೇ ಇತ್ತು ಎಂದು ಅವನೇ ಆಮೇಲೆ ಹೇಳುತ್ತಿದ್ದ.

ಗುರುವಾರ ಬೆಳಿಗ್ಗೆ ತನ್ನ ಹಳೆಯ ಓಮ್ನಿ ತೆಗೆದುಕೊಂಡು ಕೌದಳ್ಳಿಗೆ ಹೋದ. ಚಿಕ್ಕಮಾದಪ್ಪನ ಮನೆಯ ಮುಂದೆ ನಾಲ್ಕು ಜನ ನೆರೆಯವರಿದ್ದರು. ಕಾಗದದ ಪೊಟ್ಟಣ ಬಿಚ್ಚಿ ಅಕ್ಷತೆ ತೋರಿಸಿದ.

"ನೀವಲ್ಲ, ನಾನು. ಆಯುಧಪೂಜೆ ದಿನ ಎಂಜಿನ್ ಮೇಲೆ ಚಿಮುಕ್ಸಿದ ಕಾಯಿನೀರು ಕಂಪ್ಯೂಟರ್ ಒಳಕ್ಕೋಗದೆ."

"ಬಾ, ಒಳಗ್ ಬಂದು ಮಾತಾಡು" ಎಂದ ಚಿಕ್ಕಮಾದಪ್ಪ.

"ಬ್ಯಾಡ. ಅವತ್ತು ಎಲ್ರ ಮುಂದೆ ಅಂದಿದ್ದೆ. ಇದ್ನೂ ಎಲ್ರ ಮುಂದೆಯೇ ಏಳ್ಬೇಕು."

ಚಿಕ್ಕಮಾದಪ್ಪ ಅಕ್ಕಿಕಾಳನ್ನು ನೋಡಿದ, ಹೆಂಡತಿಯನ್ನು ನೋಡಿದ. "ಎರಡ್ ದಿನದಿಂದ ಇವಳ ಕೈಲಿ ಬಯ್ಸ್ಕಂಡಿವ್ನಿ ಕಣ್ಲಾ. ಅದ್ನ ಯಾವ ಅಂಗ್ಡೀಲಿ ರಿಪೇರಿ ಮಾಡ್ಸಾನ?"

ರಂಗಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಬಕೆಟ್ ನೀರ್ಗೆ ಬಯ್ದಿದ್ದು. ಅದೂ ತಪ್ಪೇ, ಬಯ್ದಿದ್ದು ಲೆಕ್ಕಕ್ಕೆ ಬಂತು, ಬುಡು" ಎಂದು ಓಮ್ನಿ ಹತ್ತಿದಳು.

ಕಾರು ಸರಿಯಾಗಲು ಇನ್ನೂ ಒಂದು ವಾರ ಹಿಡಿಯಿತು. ಡಯಾಲಿಸಿಸ್ಸಿನ ದಿನಗಳಲ್ಲಿ ಅವಳನ್ನು ಕರೆತಂದು ಬಿಟ್ಟು ಬಂದವನು ಶಾಂತರಾಜುವೇ. ಅಪಘಾತದಲ್ಲಿ ನಜ್ಜುಗುಜ್ಜಾದ ಅದೇ ಮಾದರಿಯ ಕಾರೊಂದರ ಕಂಪ್ಯೂಟರ್ ಮೈಸೂರಿನಲ್ಲಿ ಸಿಕ್ಕಿತು. ಅದನ್ನು ಸುಮ್ಮನೆ ತಂದು ಸಿಕ್ಕಿಸುವಂತಿರಲಿಲ್ಲ. ಹಳೆಯದರ ನೆನಪನ್ನು ಹೊಸದಕ್ಕೆ ತುಂಬದಿದ್ದರೆ ಕಾರು ತನ್ನ ಕೀಲಿಯನ್ನೇ ಗುರುತಿಸುವುದಿಲ್ಲ. ಬೋರ್ಡು ಒಂದು ಬದಿಗೆ ತಿಂದುಹೋಗಿದ್ದರೂ ನೆನಪಿನ ಚಿಪ್ಪು ಉಳಿದಿತ್ತು. ಅದನ್ನು ಓದಿಸಿ, ತುಂಬಿಸಿ ತಂದ. ಕಿಲುಬಿನ ಪಿನ್ನುಗಳನ್ನೂ ಹರಿದ ರಬ್ಬರನ್ನೂ ಬದಲಿಸಿದ. ಕೀಲಿ ತಿರುಗಿಸಿದ ಮೊದಲ ಸಲಕ್ಕೇ ಎಂಜಿನ್ ಶುರುವಾಯಿತು. ಆದರೂ ನಂಬದೆ ಕೌದಳ್ಳಿಯವರೆಗೆ ಎರಡು ಸಲ ಓಡಿಸಿ ನೋಡಿಯೇ ಕೊಟ್ಟ. ಚಿಕ್ಕಮಾದಪ್ಪ ಜೇಬಿಗೆ ಕೈ ಹಾಕಿದಾಗ ಅಂಗಡಿಯಿಂದ ಆಚೆ ನಡೆದುಬಿಟ್ಟ.

ಮುಂದಿನ ಆಯುಧಪೂಜೆಗೆ ಬಾನೆಟ್ ತೆಗೆಯಬಾರದೆಂದು ಸಾರಿದ. ದೊಡ್ಡಬಸಮ್ಮ ಸಿಟ್ಟಾದಳು.

"ಅವ್ವ, ಬಾನೆಟ್ ಮುಚ್ಚಿದ್ರೂ ದೇವ್ರು ಒಳಕ್ಕೆ ಓಯ್ತಾನೆ. ನೀರು ಓಗ್ಬಾರ್ದು ಅಷ್ಟೆ" ಎಂದ. ಮುದುಕಿಗೆ ಅದು ಒಪ್ಪಿಗೆಯಾಯಿತು.

ಈ ಸಲ ಅವನು ತೀರಿಕೊಂಡು ವರ್ಷ ತುಂಬಿರಲಿಲ್ಲವಾದ್ದರಿಂದ ಮನೆಯಲ್ಲಿ ಹಬ್ಬವಿರಲಿಲ್ಲ. ಆದರೂ ಗಾಡಿಯವರು ಬಂದರು. ಮುಚ್ಚಿದ ಅಂಗಡಿಯ ಮುಂದೆ ತಾವೇ ಸಾಲಾಗಿ ನಿಲ್ಲಿಸಿಕೊಂಡು ಪೂಜೆ ಮಾಡಿಕೊಂಡರು. ಚಿಕ್ಕಮಾದಪ್ಪನ ಕಾರೂ ಇತ್ತು, ಒಳಗೆ ರಂಗಮ್ಮ ಕುಳಿತಿದ್ದಳು. ಪಕ್ಕದಲ್ಲಿ ಯಳಂದೂರಿನ ಕಡೆಯವನೊಬ್ಬ, ಹೊಸಬ, ತನ್ನ ಕಾರಿನ ಬಾನೆಟ್ ಎತ್ತಿ ಕುಂಕುಮದ ಬಟ್ಟಲಿಗೆ ಕೈ ಚಾಚಿದ.

"ಮುಚ್ಚಿ ಸಾ" ಎಂದ ಚಿಕ್ಕಮಾದಪ್ಪ. "ಶಾಂತ ಬಯ್ತಾನೆ."

"ಯಾರು ಶಾಂತ?"

ಚಿಕ್ಕಮಾದಪ್ಪ ಬಾನೆಟ್ಟನ್ನು ತಾನೇ ಇಳಿಸಿ, ಸರಿಯಾಗಿ ಕೂತಿತೇ ಎಂದು ಎರಡು ಸಲ ಒತ್ತಿ ನೋಡಿ, ಕಾಯಿ ಹಿಡಿದು ಚಕ್ರದ ಮುಂದಕ್ಕೆ ಹೋದ.