ಹೊಳೆ ತಿರುವಿನ ಸಮಾಧಿ

ಚಳ್ಳಕೆರೆಯಲ್ಲಿ ನಮ್ಮ ಎದುರುಮನೆಯವರು ಮಹಡಿ ಕಟ್ಟಿಸುತ್ತಿದ್ದಾರೆ. ನಿನ್ನೆ ಟ್ರ್ಯಾಕ್ಟರಿನಲ್ಲಿ ಮರಳು ತಂದು ಸುರಿದರು. ಈಗೆಲ್ಲ ಕಲ್ಲುಪುಡಿಯೇ ಮರಳು. ಇದು ಮಾತ್ರ ಎಲ್ಲಿಂದ ಬಂತೋ, ಹೊಳೆಯದೇ. ಅದರ ಹಸಿ ವಾಸನೆ ಹೊಸ್ತಿಲು ದಾಟಿ ಒಳಗೆ ಬಂದದ್ದೇ ತಡ, ಮರಳಲ್ಲಿ ತೋಡಿದ ಒರತೆಯ ಮುಂದೆ ಕುಕ್ಕರಗಾಲಲ್ಲಿ ಕೂತು ತೆಂಗಿನ ಚಿಪ್ಪಿನಿಂದ ಬಿಂದಿಗೆ ತುಂಬುತ್ತಿದ್ದ ಅಜ್ಜಿ ಕಣ್ಣಿಗೆ ಕಟ್ಟಿದಳು. ಪರಶುರಾಂಪುರದ ಆಚೆ, ವೇದಾವತಿ ಬಾಗಿ ತಿರುಗುವ ಕಡೆ ನಮ್ಮ ಹೊಲವಿತ್ತು. ಹೊಲದಲ್ಲೇ ಮನೆ, ಮನೆಯ ಮಗ್ಗುಲಿಗೆ ಕುರಿಹಟ್ಟಿ. ವರ್ಷದ ಬಹಳ ತಿಂಗಳು ಹೊಳೆಯೆಂದರೆ ಬರೀ ಮರಳು. ಮೊಣಕೈಯುದ್ದ ತೋಡಿದರೆ ತಿಳಿನೀರು ಒಸರುತ್ತಿತ್ತು.

ನಾನು ಶಾಲೆಗೆ ಸೇರುವ ಮೊದಲೇ ತಾತ ತೀರಿಕೊಂಡಿದ್ದ. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಕುರಿಗಳಿಗೆ ನೀರು ಕುಡಿಸುವಾಗ ತಾತ ಕೂರುತ್ತಿದ್ದ ದಡದ ಮೇಲೆಯೇ ಅವನ ಸಮಾಧಿ. ಪ್ರತಿ ವರ್ಷ ಹೊಳೆ ಬಂದು ಇಳಿದ ಮೇಲೆ ಅಜ್ಜಿ ಸಮಾಧಿಯಿಂದ ದಡದ ಅಂಚಿನವರೆಗೆ ಪಾದಕ್ಕೆ ಪಾದ ಹಚ್ಚಿ ಅಳೆಯುತ್ತಿದ್ದಳು. "ಈ ಸಲ ಮೂರು ಪಾದ ತಿಂದೈತೆ" ಎನ್ನುವಳು. ಆಮೇಲೆ ಎದುರು ದಡದಲ್ಲಿ ಬೆಳೆಯುತ್ತಿದ್ದ ಮರಳುದಿಬ್ಬ ತೋರಿಸಿ, "ಹೊಳೆ ಏನೂ ನುಂಗಲ್ಲ ಕಣವ್ವಾ. ಇಲ್ಲಿ ಕೆರೆದಿದ್ದು ಅಲ್ಲಿ ಇಡ್ತೈತೆ" ಎನ್ನುವಳು. ತಿರುವಿನ ಹೊರಗೆ ನೀರು ರಭಸದಿಂದ ದಡ ಕೊರೆಯುತ್ತದೆ, ಒಳಗೆ ನಿಧಾನಿಸಿ ಮಣ್ಣು ಬಿಡುತ್ತದೆ ಎಂದು ನಾನು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಮಾಡಿದೆ. ಅಜ್ಜಿಯಷ್ಟು ಚಿಕ್ಕದಾಗಿ ಹೇಳಲು ನನಗೆ ಬರಲಿಲ್ಲ. ಅವಳಿಗೆ ಇದ್ದದ್ದು ಒಂದೇ ಆಸೆ: ತಾನು ಹೋಗುವವರೆಗೆ ಆ ದಡ ನಿಲ್ಲಬೇಕು, ತಾತನ ಪಕ್ಕದಲ್ಲೇ ತನಗೂ ಜಾಗ ಬೇಕು.

ಅವಳ ಅಳತೆ ನೋಡಿ ನೋಡಿ ಅಪ್ಪನಿಗೆ ತಡೆಯಲಾಗಲಿಲ್ಲ. ಒಂದು ಬೇಸಿಗೆಯಲ್ಲಿ ಸಮಾಧಿಗೆ ಕಲ್ಲಿನ ಕಟ್ಟೆ ಕಟ್ಟಿಸಲು ಹೊರಟ. ಮರಳಿಗೇನು, ಕಾಲಡಿಯಲ್ಲೇ ಇತ್ತು.

"ದಡದ ಬುಡಕ್ಕೆ ಕೈ ಹಾಕಬ್ಯಾಡಪ್ಪಾ, ನಡುಹೊಳೆಯಾಗೆ ತಗಾ" ಎಂದಳು ಅಜ್ಜಿ.

"ನಡುಹೊಳೆಗೆ ಹೋದ್ರೆ ಟ್ರ್ಯಾಕ್ಟರ್ ಹೂತ್ಕಂತೈತೆ ಕಣವ್ವ. ಇಲ್ಲೇನು ಮರಳಿಗೆ ಬರ ಬಂದೈತಾ?" ಎಂದು ಅಪ್ಪ ನಕ್ಕ.

ಕಟ್ಟೆ ಚೆನ್ನಾಗಿಯೇ ಬಂತು, ಸುಣ್ಣ ಬಳಿದೆವು. ದಡದ ಬುಡದಲ್ಲಿ ಉಳಿದ ದೊಡ್ಡ ಗುಂಡಿಯಲ್ಲಿ ನಾನು ಬೇಸಿಗೆಯುದ್ದಕ್ಕೂ ಜಾರಿ ಜಾರಿ ಆಡಿದೆ.

ಆ ಮಳೆಗಾಲ ಹೊಳೆ ತುಂಬಿ ಬಂತು. ಕೆಂಪು ನೀರು ತಗ್ಗು ಹುಡುಕಿಕೊಂಡು ನೇರ ಆ ಗುಂಡಿಗೇ ತಿರುಗಿ ಬುಡ ಕೊರೆಯತೊಡಗಿತು. ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಸಮೇತ ದಡ ನೀರಿನಲ್ಲಿ ಕೂತುಬಿಟ್ಟಿತು. ದೊಡ್ಡ ಸದ್ದೇನೂ ಆಗಲಿಲ್ಲ. ಅಪ್ಪ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಜ್ಜಿ ಬೈಯಲಿಲ್ಲ. "ಬಿಡಪ್ಪಾ, ನಿಮ್ಮಪ್ಪ ಆ ಕಡೀಕೆ ಹೋದ. ನನ್ನೂ ಆ ದಡಕ್ಕೇ ಹಾಕು" ಎಂದಳು.

ಅಪ್ಪ ಹಾಕಲಿಲ್ಲ. ಅಜ್ಜಿ ಹೋದಾಗ ಹೊಳೆಯಿಂದ ದೂರ, ಮೇಲಿನ ಹೊಲದ ಬೇವಿನ ಮರದಡಿ ಮಣ್ಣು ಮಾಡಿದ. ಕೇಳಿದ್ದಕ್ಕೆ, "ಇನ್ನೊಂದ್ಸಲ ನೋಡಾಕೆ ನನ್ ಕೈಲಾಗಲ್ಲ" ಎಂದ. ಕೊನೆಯ ಮಾತನ್ನೂ ನಡೆಸಲಿಲ್ಲವಲ್ಲ ಎಂದು ವರ್ಷಗಟ್ಟಲೆ ಅವನ ಮೇಲೆ ಸಿಟ್ಟಿಟ್ಟುಕೊಂಡಿದ್ದೆ. ಮದುವೆಯಾಗಿ ಬಹಳ ದಿನದ ಮೇಲೆ, ಮಳೆಗಾಲಕ್ಕೆ ಮುಂಚೆ ಊರಿಗೆ ಹೋದಾಗ, ಅಪ್ಪ ಅಜ್ಜಿಯ ಸಮಾಧಿಯ ಗುಡ್ಡೆಯಿಂದ ಒಂದು ಪುಟ್ಟಿ ಮಣ್ಣು ತೆಗೆದು, ತಲೆಯ ಮೇಲೆ ಹೊತ್ತು, ಕುಸಿದ ದಡದ ಕೆಳಗೆ ಸುರಿಯುತ್ತಿದ್ದ. ಏನಪ್ಪಾ ಇದು ಎಂದೆ.

"ಹೊಳೆ ಬಂದ್ರೆ ಆ ಕಡೀಕೆ ಇಡ್ತೈತಲ್ಲ" ಎಂದ. ನನ್ನ ಮುಖ ನೋಡಲಿಲ್ಲ. ಪ್ರತಿ ವರ್ಷ ಹೀಗೇ ಮಾಡುತ್ತಿದ್ದನಂತೆ.

ಈಗ ಅಪ್ಪನೂ ಇಲ್ಲ. ಮನೆ ಬಿದ್ದಿದೆ, ಹಟ್ಟಿಯಿದ್ದ ಜಾಗದಲ್ಲಿ ಜಾಲಿ ಬೆಳೆದಿದೆ. ಮಳೆಗಾಲಕ್ಕೆ ಮುಂಚೆ ನಾನೇ ಬಸ್ಸು ಹಿಡಿದು ಹೋಗುತ್ತೇನೆ. ಬೇವಿನ ಮರದಡಿ ಈಗ ಎರಡು ಗುಡ್ಡೆಗಳಿವೆ. ಎರಡರಿಂದಲೂ ಒಂದೊಂದು ಪುಟ್ಟಿ ಹೊತ್ತು ದಡದ ಬುಡಕ್ಕೆ ಸುರಿಯುತ್ತೇನೆ. ಹೋದ ವರ್ಷ ಹೊಳೆ ಬರಲಿಲ್ಲ. ಈ ಸಲ ಹೋದಾಗ ನಾನು ಸುರಿದ ಮಣ್ಣು ಸುರಿದಲ್ಲೇ ಇತ್ತು. ಅದರ ಮೇಲೇ ಮತ್ತೆ ಸುರಿದು ಬಂದೆ.